ಒಂದೆರಡು ಕಡೆ

ಏಳು ಗಂಟೆ ಐದು ನಿಮಿಷಕ್ಕೆ ಕೆಂಪು ದೀಪ.
ಬೆಂಗಳೂರಿನಿಂದ ಬಂದ ಹಾಳೆ, ಮೂರೂವರೆ ಸಾಲು:
ಅರಬ್ಬಿ ಸಮುದ್ರದ ಆಗ್ನೇಯಕ್ಕೆ ವಾಯುಭಾರ ಕುಸಿತ,
ಕರಾವಳಿಯ ಒಂದೆರಡು ಕಡೆ ಹಗುರ ಮಳೆ,
ರಾತ್ರಿಯ ಉಷ್ಣಾಂಶ ಮೂರು ಡಿಗ್ರಿ ಏರಿಕೆ,
ಶುಕ್ರವಾರದಿಂದ ಮತ್ತೆ ಒಣ ಹವೆ, ಚಳಿ.

ಚಳಿ ಎಂದರೆ ನಮ್ಮ ಮಂಗಳೂರಿನ ಚಳಿ.
ಇಪ್ಪತ್ತೊಂದಕ್ಕೆ ಇಳಿದರೆ ಸಾಕು,
ರಿಕ್ಷಾದವರ ಕಿವಿಗೆ ಬೈರಾಸು ಏರುತ್ತದೆ.
ಪ್ರಸಿಲ್ಲಾ ಮೇಡಂ ಸ್ಟುಡಿಯೋದ ಎ.ಸಿ.ಗೆ ಬೈಯುತ್ತಾ
ಗಾಜಿನಾಚೆ ಶಾಲು ಹೊದ್ದು ಬೆರಳೆತ್ತುತ್ತಾರೆ:
ಓದು.

ಹತ್ತು ವರ್ಷದಿಂದ ಓದುತ್ತಿದ್ದೇನೆ, ದಿನಗೂಲಿಗೆ,
ಬೀದರಿನ ಹನ್ನೊಂದು ಡಿಗ್ರಿ, ಮಡಿಕೇರಿಯ ಮಂಜು,
ಕಾಣದ ಊರುಗಳ ಹಣೆ ಮುಟ್ಟಿ ನೋಡಿದಂತೆ.
ಆ ದಿನ ಒಂದೆರಡು ಕಡೆ ಎಂಬಲ್ಲಿಗೆ ಬಂದಾಗ
ನಾಲಿಗೆ ತುಸು ತಡೆಯಿತು.
ಯಾವ ಒಂದು? ಯಾವ ಎರಡು?

ನನಗೆ ಗೊತ್ತಿರುವ ಕಡೆ ಒಂದೇ.
ಬಂದರಿನಲ್ಲಿ ದೋಣಿ ಹತ್ತಿ ಫಲ್ಗುಣಿ ದಾಟಿದರೆ ಬೆಂಗ್ರೆ,
ಈ ಬದಿ ಹೊಳೆ, ಆ ಬದಿ ಕಡಲು,
ನಡುವೆ ಒಂದು ಕೈಯಗಲ ಹೊಯಿಗೆ.
ಅಲ್ಲಿ ಹಳೇ ಬಲೆ ಹಾಸಿ ಅಮ್ಮ
ನಂಗು ಒಣಗಿಸುತ್ತಾಳೆ, ಅಂಗೈಯಂಥ ಮೀನು,
ನಾಲ್ಕು ದಿನದ ಬಿಸಿಲು ಕುಡಿದರೆ ಕಾಗದ,
ನೆನೆದರೆ ಹುಳ.
ಪಕ್ಕದ ಚಾಪೆ ನೆಬಿಸಳದು, ಎಟ್ಟಿ.
ಪೇರಾರ್ದೆ ತಿಂಗಳಲ್ಲಿ ಯಾರು ಮುಗಿಲು ನೋಡುತ್ತಾರೆ?

ಅಮ್ಮಾ, ಮೀನು ಒಳಗೆ ತೆಗೆ
ಎಂದು ಹಾಳೆಯಲ್ಲಿ ಬರೆದಿರಲಿಲ್ಲ.
ಬರೆಯದ್ದನ್ನು ಓದುವಂತಿಲ್ಲ.
ಹಾಗಾಗಿ ಒಂದೆರಡು ಎಂದು ನಿಂತು,
ಒಂದು ಉಸಿರು ಬಿಟ್ಟು,
ಕಡೆ ಎಂದೆ.

ಆ ರಾತ್ರಿ ಸೆಕೆ. ಕದ್ರಿಯ ಬಾಡಿಗೆ ಕೋಣೆಯಲ್ಲಿ
ಹೊದಿಕೆ ಕಾಲಡಿಗೆ ಹೋಯಿತು, ಗೋಡೆ ಬೆವರಿತು.
ಕಪ್ಪೆಯೊಂದು ತಿಂಗಳು ತಪ್ಪಿ ಬೊಬ್ಬೆ ಹಾಕಿ,
ಜೊತೆಗೆ ಯಾರೂ ಕೂಗದ್ದಕ್ಕೆ ನಾಚಿ ಸುಮ್ಮನಾಯಿತು.
ಮಳೆ ಬರಲಿಲ್ಲ.
ಬೆಳಿಗ್ಗೆ ಅಂಗಳದ ಧೂಳು ಧೂಳಾಗಿಯೇ ಇತ್ತು.
ಸುಳ್ಳು ಓದಿದೆನಲ್ಲ ಎಂದುಕೊಂಡು ಹಲ್ಲುಜ್ಜುವಾಗ ಫೋನು.

"ಮೂರು ಗಂಟೆಗೆ ಬಂತು ಮಾರಾಯ್ತಿ ಬರ್ಸ,
ಅರ್ಧ ಗಂಟೆ, ಬಾಲ್ದಿ ಮಗುಚಿದ ಹಾಗೆ.
ಹೊಳೆಯಾಚೆ ಬಂದರಿನಲ್ಲಿ ಒಂದು ಹನಿಯಿಲ್ಲವಂತೆ,
ದೋಣಿಯ ಹಸನಬ್ಬ ಹೇಳಿದ."
ಮೀನು?
"ಮಧ್ಯಾಹ್ನವೇ ತೆಗೆದೆ.
ಮುಟ್ಟಿದರೆ ಬಾಲ ಮೆತ್ತಗೆ, ತೆಂಕು ಗಾಳಿ ಬೇರೆ,
ಅದಕ್ಕೆ ರೇಡಿಯೋ ಬೇಕಾ?"
ಮತ್ತೆ ದಿನಾ ಯಾಕೆ ಹಾಕುತ್ತೀ?
"ನಿನ್ನ ಮೂಗು ಕಟ್ಟಿದೆಯಾ ನೋಡಲಿಕ್ಕೆ.
ಮೊನ್ನೆಯಿಂದ ಕಟ್ಟಿದೆ. ನಿನ್ನೆ ನಡುವೆ ಉಸಿರೂ ಸಿಕ್ಕಿಬಿತ್ತು.
ಮೆಣಸಿನ ಕಷಾಯ ಮಾಡು."

ನಗು ಬಂತು. ಆಮೇಲೆ ಅವಳೇ ದನಿ ತಗ್ಗಿಸಿ:
ನೆಬಿಸಳ ಎಟ್ಟಿ ಹೋಯಿತು, ಪೂರಾ, ಎರಡು ಬುಟ್ಟಿ.
ತೆಗೆ ತೆಗೆ ಅಂತ ಸಂಜೆ ಎರಡು ಸಲ ಹೇಳಿದೆ.
ಪಕ್ಕದಲ್ಲೇ ಕೂತು ನಿನ್ನನ್ನು ಕೇಳಿದಳು,
"ಹಗುರ ಅಂದಳಲ್ಲ ನಿನ್ನ ಮಗಳು, ಹಗುರ.
ಅದೂ ಒಂದೆರಡು ಕಡೆ.
ನಮ್ಮ ಕಡೆಯೇ ಆಗಬೇಕಾ?"
ಟರ್ಪಾಲಿನ ಒಂದು ಮೂಲೆ ಎಳೆದು ಮಲಗಲು ಹೋದಳು.

ನಾನೇನೂ ಹೇಳಲಿಲ್ಲ.
ನಲ್ಲಿ ಹಾಗೆಯೇ ಹರಿಯುತ್ತಿತ್ತು.

ಇವತ್ತು ಶುಕ್ರವಾರ. ಕೆಂಪು ದೀಪ.
ಕರಾವಳಿಯಾದ್ಯಂತ ಒಣ ಹವೆ ಎನ್ನುತ್ತದೆ ಹಾಳೆ.
ಕಷಾಯ ಕುಡಿದ ಗಂಟಲಲ್ಲಿ ಸ್ಪಷ್ಟವಾಗಿ ಓದಿದೆ,
ಹೊಯಿಗೆಯ ಮೇಲೆ ಎರಡು ಚಾಪೆ ಹಾಸುವಷ್ಟು ಹೊತ್ತು
ಒಣ ಎಂಬಲ್ಲಿ ನಿಂತು.
ಪ್ರಸಿಲ್ಲಾ ಮೇಡಂ ಗಾಜಿನಾಚೆಯಿಂದ
ಗಡಿಯಾರ ತೋರಿಸಿದರು.